ಮೂರನೇ ಸುತ್ತಿನಲ್ಲಿ ನಿಲ್ಲುವವಳು

ಮಾರ್ಚ್ ೪

ಅಮ್ಮನವರಿಗೆ,

ರೆಕಾರ್ಡ್ ಕಂಪನಿಯವರು ನಿಮ್ಮ ಹಳೆಯ ಆರು ರೆಕಾರ್ಡುಗಳನ್ನು ಒಟ್ಟಿಗೆ ಮತ್ತೆ ಹೊರತರುತ್ತಿದ್ದಾರಲ್ಲ, ಅದರ ಜೊತೆ ಕೊಡುವ ಪುಸ್ತಿಕೆಯನ್ನು ನಾನು ಬರೆಯಬೇಕಂತೆ. ಮಗ ಬರೆದರೆ ಜನ ಓದುತ್ತಾರೆ ಎನ್ನುವುದು ಅವರ ಎಣಿಕೆ. ಬೇಡವೆಂದೆ. ನನ್ನನ್ನು ಕೇಳಿ ಎಂದು ಸೂಚಿಸಿದ್ದೇ ನೀವು ಎಂದು ತಿಳಿದಾಗ ಇನ್ನೂ ಗಟ್ಟಿಯಾಗಿ ಬೇಡವೆಂದೆ. ಆಮೇಲೆ ಒಪ್ಪಿಕೊಂಡೆ. ಯಾಕೆಂದು ಕೇಳಬೇಡಿ.

ನಾನು ಸಂಗೀತಗಾರನಲ್ಲ. ಪತ್ರಿಕೆಯ ಕಚೇರಿಯಲ್ಲಿ ಬೇರೆಯವರ ವರದಿ ತಿದ್ದುವವನು. ಆರು ರೆಕಾರ್ಡುಗಳನ್ನು ಎರಡು ತಿಂಗಳು ಕೇಳಿ ನಿಮ್ಮ ಶೈಲಿಯ ಬಗ್ಗೆ ಒಂದು ಭಾಗ ಬರೆದಿದ್ದೇನೆ. ನಿಮ್ಮ ಒಪ್ಪಿಗೆ ಇಲ್ಲದೆ ಅಚ್ಚಿಗೆ ಹೋಗುವಂತಿಲ್ಲವಾದ್ದರಿಂದ ಕೆಳಗೆ ಕೊಟ್ಟಿದ್ದೇನೆ:

“ಟೆನರ್ ಸ್ಯಾಕ್ಸೋಫೋನಿನ ಕೆಳಗಿನ ಸ್ವರಗಳಲ್ಲೇ ಆಕೆಯ ವಾಸ. ಉಳಿದ ಜಾಝ್ ವಾದಕರು ಏರುವ ಎತ್ತರಕ್ಕೆ ಆಕೆ ಏರುವುದಿಲ್ಲ. ನಾದಕ್ಕಿಂತ ಉಸಿರು ಹೆಚ್ಚು, ಮಖಮಲ್ಲಿನ ಮೆದುತನ. ತಾಳಕ್ಕಿಂತ ಕೂದಲೆಳೆ ಹಿಂದೆ ಬರುತ್ತಾರೆ. ಆದರೆ ಆಕೆಯ ನಿಜವಾದ ಗುರುತು ನಿಲುಗಡೆ. ಹಾಡಿನ ಸುತ್ತನ್ನು ಒಂದು ಸಲ, ಎರಡು ಸಲ ಸುತ್ತಿಬಂದು, ಮೂರನೇ ಸುತ್ತಿನಲ್ಲಿ, ಸಾಲು ಇನ್ನೂ ಅರ್ಧದಲ್ಲಿರುವಾಗ ಥಟ್ಟನೆ ನಿಲ್ಲಿಸುತ್ತಾರೆ. ಎರಡು ಬಾರ್‌ಗಳಷ್ಟು, ಅಂದರೆ ತಾಳದ ಎರಡು ಆವರ್ತಗಳಷ್ಟು ಹೊತ್ತು ಡ್ರಮ್ ಒಂದೇ ಉಳಿಯುತ್ತದೆ. ಆಮೇಲೆ ಬಿಟ್ಟ ಸಾಲಿನ ಕಡೆಗೆ ತಿರುಗಿಯೂ ನೋಡದೆ ಬೇರೊಂದನ್ನು ಶುರುಮಾಡುತ್ತಾರೆ. ಮನೆ, ಮದುವೆ, ಮಗುವನ್ನು ಕಡಿದುಕೊಂಡ ಕೈಯೇ ಇಲ್ಲಿ ಸ್ವರವನ್ನೂ ಕಡಿಯುತ್ತದೆ. ಇಷ್ಟಾದರೂ ಪತಿ ಕೊನೆಯವರೆಗೂ ಆಕೆಯ ಬೆಂಬಲಕ್ಕೆ ನಿಂತರು.”

ತಪ್ಪಿದ್ದರೆ ಗುರುತು ಹಾಕಿ ಕಳುಹಿಸಿ.

ಇಂತಿ,
ಪುಸ್ತಿಕೆಯ ಲೇಖಕ


ಮಾರ್ಚ್ ೧೧

ಮಗನೇ,

ಹೆತ್ತವಳಿಗೆ ‘ನೀವು’ ಎಂದು ಬರೆದಿದ್ದೀಯ. ನಲ್ಲಿ ನೀರಿನ ಕಚೇರಿಯವರು ನನಗೆ ಹೀಗೆ ಬರೆಯುತ್ತಾರೆ. ಅವರ ಕೈಬರಹವಾದರೂ ಚೆನ್ನಾಗಿರುತ್ತದೆ.

ಗುರುತು ಹಾಕಲು ಕೂತೆ. ಪೂರ್ತಿ ಕಾಗದ ಕೆಂಪಾಯಿತು, ಅದಕ್ಕೇ ಬೇರೆ ಬರೆಯುತ್ತಿದ್ದೇನೆ. ನಿನ್ನ ಬರವಣಿಗೆ ಓದಿ ಮೈ ಉರಿದುಹೋಯಿತು. ಎಪ್ಪತ್ತೆರಡು ವರ್ಷದವಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ನಿನ್ನಂಥ ಮಗ ಇಲ್ಲ.

ಮಖಮಲ್ಲಂತೆ! ಮಖಮಲ್ಲಲ್ಲ ಕಣೋ, ಕೋಟು. ನಿನ್ನ ಅಪ್ಪನ ಉಣ್ಣೆ ಕೋಟುಗಳು. ನಮಗಿದ್ದದ್ದು ಎರಡು ಕೋಣೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಂದು ಮೂರರವರೆಗೆ ಮಲಗುತ್ತಿದ್ದರು. ಚಿಕ್ಕವನಿದ್ದಾಗ ನೀನೂ ಮಧ್ಯಾಹ್ನ ಮಲಗುತ್ತಿದ್ದೆ. ಮಧ್ಯದ ಓಣಿಯಂಥ ಜಾಗದಲ್ಲಿ ಗೋಡೆಯೊಳಗೇ ಕಟ್ಟಿದ ಬಟ್ಟೆಯ ಕಪಾಟಿತ್ತು, ಒಬ್ಬಳು ಮುದುರಿ ಕೂರುವಷ್ಟು ಆಳ. ಅದರೊಳಗೆ ಮೋಟು ಸ್ಟೂಲು ಹಾಕಿಕೊಂಡು, ಬಾಗಿಲು ಎಳೆದುಕೊಂಡು, ವಾದ್ಯದ ಬಾಯನ್ನು ಆ ಕೋಟುಗಳೊಳಗೆ ತುರುಕಿ ನಾನು ಅಭ್ಯಾಸ ಮಾಡಿದೆ. ಆರು ವರ್ಷ. ನುಸಿಗುಳಿಗೆಯ ವಾಸನೆ ಕುಡಿದು ಕುಡಿದು ನನಗೆ ಊಟದ ರುಚಿಯೇ ಹೋಗಿತ್ತು.

ಎತ್ತರದ ಸ್ವರಗಳನ್ನು ಯಾರಿಗೂ ಕೇಳದಂತೆ ನುಡಿಸಿ ನೋಡು, ಆಗ ಗೊತ್ತಾಗುತ್ತದೆ ನಾನು ಯಾಕೆ ಏರುವುದಿಲ್ಲ ಎಂದು. ಕೆಳಗಿನವನ್ನಾದರೆ ಉಸಿರಿನಲ್ಲಿ ಅದ್ದಿ ಅದ್ದಿ ಮೆಲ್ಲಗೆ ತೆಗೆಯಬಹುದು. ತಾಳಕ್ಕಿಂತ ಹಿಂದೆ ಬರುತ್ತೇನೆ, ನಿಜ. ಊದುವ ಮುಂಚೆ ಒಂದು ಗಳಿಗೆ ಹೊರಗೆ ಕಿವಿಗೊಟ್ಟು ಅಭ್ಯಾಸ. ಆ ನಿಲುಗಡೆಯೂ ಅದೇ. ಮಗು ಎದ್ದಿತೇ, ಅಳುತ್ತಿದೆಯೇ ಎಂದು ನಿಲ್ಲಿಸಿ ಕೇಳಿಸಿಕೊಳ್ಳುವುದು. ಕಡಿಯುವ ಕೈಯಂತೆ! ಅಲ್ಲಿ ನಾನು ಕಡಿಯುತ್ತಿಲ್ಲ, ನಿನ್ನನ್ನು ಕೇಳಿಸಿಕೊಳ್ಳುತ್ತಿದ್ದೇನೆ.

ನಿನ್ನ ಅಪ್ಪ ನನ್ನ ಬೆಂಬಲಕ್ಕೆ ನಿಂತರು ಎನ್ನುವುದನ್ನು ತೆಗೆ. ಅವರು ನಿಂತಿರಲಿಲ್ಲ, ಮಲಗಿದ್ದರು. ದುಡಿದು ಬಂದವರು ಮಲಗುವುದು ತಪ್ಪಲ್ಲ, ತೀರಿಕೊಂಡವರ ಮೇಲೆ ನಾನು ಜಗಳಕ್ಕೂ ಹೋಗುತ್ತಿಲ್ಲ. ಆದರೆ ಸುಳ್ಳು ಬರೆಯಬೇಡ.

ಹೀಗೆಯೇ ಅಚ್ಚಾದರೆ ಸಹಿ ಹಾಕುವುದಿಲ್ಲ.

ಕೆಂಪು ಪೆನ್ನು ಖಾಲಿಯಾದ,
ಅಮ್ಮ


ಮಾರ್ಚ್ ೧೯

ಅಮ್ಮನವರಿಗೆ,

ಬಹಳ ಚೆನ್ನಾಗಿದೆ. ಮೆದುತನಕ್ಕೆ ಅಪ್ಪ ಕಾರಣ, ನಿಲುಗಡೆಗೆ ನಾನು ಕಾರಣ. ನೀವು ಮಾತ್ರ ಯಾವುದಕ್ಕೂ ಕಾರಣರಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳದೆ ಉತ್ತರಿಸಿ, ಅಥವಾ ಮಾಡಿಕೊಂಡೇ ಉತ್ತರಿಸಿ. ಈ ಆರು ರೆಕಾರ್ಡುಗಳಲ್ಲಿ ಮೊದಲನೆಯದು ಬಂದಾಗ ನನಗೆ ಒಂಬತ್ತು ವರ್ಷ. ನೀವು ಹೋಗಿ ಎರಡು ವರ್ಷವಾಗಿತ್ತು. ಕೊನೆಯದು ಬಂದಾಗ ನನಗೆ ಮೂವತ್ತು, ಕೂದಲು ಉದುರಲು ಶುರುವಾಗಿತ್ತು. ಇಷ್ಟೂ ಕಾಲ ನಾನು ಬೇರೊಂದು ಊರಿನಲ್ಲಿ, ಬೇರೊಂದು ಮನೆಯಲ್ಲಿದ್ದೆ. ಸ್ಟುಡಿಯೋದ ಗೋಡೆಯಾಚೆ ಯಾವ ಮಗು ಅಳುತ್ತಿತ್ತು ಎಂದು ನೀವು ನಿಲ್ಲಿಸಿದಿರಿ? ನಾನು ನಿಜವಾಗಿ ಅತ್ತಾಗ ಸೋದರತ್ತೆ ಬಂದು ಎತ್ತಿಕೊಳ್ಳುತ್ತಿದ್ದರು, ಅಪ್ಪ ಎದ್ದು ಬರುತ್ತಿದ್ದರು. ನಿಮಗೆ ಕೇಳಿಸಿದ್ದು ನನಗೆ ಗೊತ್ತಿಲ್ಲ.

ವರ್ಷಕ್ಕೆರಡು ಸಲ ಪೆಟ್ಟಿಗೆ ಹಿಡಿದು ಬರುತ್ತಿದ್ದಿರಿ. ನನ್ನ ಪ್ರಾಯಕ್ಕಿಂತ ಎರಡು ವರ್ಷ ಚಿಕ್ಕವರಿಗೆ ಆಗುವ ಅಂಗಿ ತರುತ್ತಿದ್ದಿರಿ. ಈಗ ನಾನು ನಿಮ್ಮ ಪ್ರತಿ ಹಾಡಿನ ಮೂರನೇ ಸುತ್ತಿನಲ್ಲಿದ್ದೇನೆ ಎನ್ನುತ್ತೀರಿ. ನನಗೆ ಅಲ್ಲಿ ಇರಲು ಇಷ್ಟವಿಲ್ಲ. ಯಾರೂ ನನ್ನನ್ನು ಕೇಳಿ ಅಲ್ಲಿ ಇಡಲಿಲ್ಲ.

ಕಪಾಟಿನ ವಿಷಯ ಸೇರಿಸುತ್ತೇನೆ, ಅದು ಒಳ್ಳೆಯ ವಿವರ. ಉಳಿದದ್ದು ಹಾಗೆಯೇ ಇರುತ್ತದೆ.

ಇಂತಿ,
ಲೇಖಕ


ಏಪ್ರಿಲ್ ೨

ಮಗನೇ,

ಅಂಗಿಯ ವಿಷಯ ಎತ್ತಿದೆಯಲ್ಲ, ಅಂಗಡಿಯಲ್ಲಿ ನಿಂತಾಗಲೆಲ್ಲ ನೀನು ಎಷ್ಟೆತ್ತರ ಇದ್ದೀಯ ಎಂದು ಕೈ ಹಿಡಿದು ತೋರಿಸಬೇಕಾಗುತ್ತಿತ್ತು. ನನ್ನ ಕೈ ಸುಳ್ಳು ಹೇಳುತ್ತಿತ್ತು. ನೀನು ಬೆಳೆಯುವುದನ್ನು ಒಪ್ಪದ ಕೈ.

ಈಗ ನನ್ನ ಪ್ರಶ್ನೆ. ನೀನು ಎರಡು ತಿಂಗಳು ರೆಕಾರ್ಡು ಕೇಳಿದೆ. ಒಂದೇ ಒಂದು ಸಲ ನಾನು ನುಡಿಸುವಾಗ ಎದುರಿಗೆ ಬಂದು ಕೂತಿದ್ದೀಯಾ? ನಾನು ನಿನ್ನ ಊರಿನಲ್ಲೇ ಹನ್ನೊಂದು ಸಲ ನುಡಿಸಿದ್ದೇನೆ. ಹನ್ನೊಂದು ಸಲವೂ ಟಿಕೆಟ್ ಕಳುಹಿಸಿದ್ದೇನೆ. ರೆಕಾರ್ಡಿನಲ್ಲಿ ನಾನು ನಿಂತಾಗ ಬರೀ ಡ್ರಮ್ ಕೇಳುತ್ತದೆ. ನನ್ನ ಮುಖ ಹೇಗಿರುತ್ತದೆ ಎಂದು ನೋಡಿದ್ದೀಯಾ? ನೋಡದೆ ನನ್ನ ಕೈ ಏನನ್ನು ಕಡಿಯುತ್ತದೆ ಎಂದು ಹೇಗೆ ಬರೆದೆ? ನಿನ್ನ ಪತ್ರಿಕೆಯಲ್ಲಿ ಹೋಗದ ಸಭೆಯ ವರದಿ ಬರೆದವನನ್ನು ಕೆಲಸದಿಂದ ತೆಗೆಯುತ್ತಾರೆ ತಾನೆ?

ಬಾ. ಕೂತು ಕೇಳು. ಆಮೇಲೆ ಏನು ಬೇಕಾದರೂ ಬರೆ, ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ಟಿಕೆಟ್ ಕಳುಹಿಸಿ ಸಾಕಾದ,
ಅಮ್ಮ


ಏಪ್ರಿಲ್ ೯

ಅಮ್ಮನವರಿಗೆ,

ಬಂದಿಲ್ಲ. ಬರುವುದೂ ಇಲ್ಲ. ಆ ಹನ್ನೊಂದು ಟಿಕೆಟ್‌ಗಳನ್ನು ಅಪ್ಪ ಎತ್ತಿಟ್ಟಿದ್ದರು, ಹೋಗು ಎಂದು ಪ್ರತಿ ಸಲ ಹೇಳಿದ್ದರು. ಅವರ ಮಾತನ್ನು ನಾನು ಕೇಳದಿದ್ದದ್ದು ಅದೊಂದೇ ವಿಷಯದಲ್ಲಿ.

ಅಪ್ಪನ ಬಗ್ಗೆ ಮಲಗಿದ್ದರು ಎಂದು ತಮಾಷೆ ಮಾಡಿದಿರಿ. ಒಂದು ಸಂಗತಿ ತಿಳಿದುಕೊಳ್ಳಿ. ನನಗೆ ಆರು ವರ್ಷವಿದ್ದಾಗ ಒಲೆಯ ಮೇಲಿನ ಹಾಲು ನನ್ನ ಮೈಮೇಲೆ ಬಿದ್ದು ಎಡಗೈ ಭುಜದವರೆಗೆ ಸುಟ್ಟುಹೋಯಿತಲ್ಲ, ಆ ಹಾಲು ಇಟ್ಟವರು ಅಪ್ಪ. ನಿದ್ದೆಗಣ್ಣಿನಲ್ಲಿ ಇಟ್ಟು ಮರೆತರು. ಜೀವನದಲ್ಲಿ ಅವರ ಕೈ ತಪ್ಪಿದ್ದು ಅದೊಂದೇ ಸಲ. ಅದಕ್ಕೆ ಅವರು ಸಾಯುವವರೆಗೂ ಕ್ಷಮೆ ಕೇಳಿದರು. ನಾನು ಗಿಡ್ಡ ತೋಳಿನ ಅಂಗಿ ಹಾಕಿದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಹದಿನಾರನೇ ವಯಸ್ಸಿನಲ್ಲಿ ಯಾವುದೋ ಜಗಳದಲ್ಲಿ “ನನ್ನ ಕೈ ಸುಟ್ಟವನು ನೀನು, ನನಗೆ ಬುದ್ಧಿ ಹೇಳಬೇಡ” ಎಂದು ಕೂಗಿದ್ದೆ. ಅವರು ಊಟದ ತಟ್ಟೆ ಬಿಟ್ಟು ಎದ್ದು ಹೋದರು. ಮಾರನೆಯ ದಿನ ಅವರೇ ಬಂದು ತಪ್ಪಾಯಿತು ಎಂದರು. ಕೂಗಿದವನು ನಾನು, ತಪ್ಪಾಯಿತು ಎಂದವರು ಅವರು.

ನೀವು ನನ್ನನ್ನು ಬಿಟ್ಟು ಹೋದಿರಿ. ಒಂದು ಸಲವಾದರೂ ತಪ್ಪಾಯಿತು ಎಂದಿದ್ದೀರಾ? ಹೋಗಲಿ, ಯಾಕೆ ಹೋದಿರಿ ಎಂದಾದರೂ ಹೇಳಿದ್ದೀರಾ? ನಾನು ಈ ಪುಸ್ತಿಕೆ ಒಪ್ಪಿಕೊಂಡದ್ದು ಅದೊಂದು ವಾಕ್ಯಕ್ಕಾಗಿ. ಅದನ್ನು ಬರೆದು ಕಳುಹಿಸಿ. ಕೋಟು, ಕಪಾಟಿನ ಕಥೆ ಸಾಕು.

ಇಂತಿ,
ನಿಮ್ಮ ಮಗ


ಮೇ ೨೦

ಮಗನೇ,

ಹಾಲು ಇಟ್ಟವಳು ನಾನು.

ಆರು ವಾರ ಈ ಸಾಲನ್ನು ಬರೆದು ಹರಿದೆ. ನಿನ್ನ ಕಾಗದದಲ್ಲಿ ಅವರು ತಟ್ಟೆ ಬಿಟ್ಟು ಎದ್ದುಹೋದರು ಎಂದು ಓದಿದ ಮೇಲೆ ಹರಿಯಲು ಆಗುತ್ತಿಲ್ಲ.

ಅಂದು ಶಾಲೆಗೆ ರಜೆ, ನೀನು ಮನೆಯಲ್ಲಿದ್ದೆ. ಅಡುಗೆಮನೆಯ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದೆ. ನಿನಗೆ ಕೊಡಲು ಹಾಲು ಕಾಯಿಸಲಿಟ್ಟು, ಅದು ಕಾಯುವ ಹೊತ್ತಿಗೆ ಒಂದು ಸುತ್ತು ನುಡಿಸಿ ಬರೋಣ ಎಂದು ಕಪಾಟಿನೊಳಗೆ ಹೋದೆ. ನಿತ್ಯ ಹೀಗೆಯೇ ಮಾಡುತ್ತಿದ್ದೆ. ನಾಲ್ಕು ಬಾರ್ ನುಡಿಸುವುದು, ನಿಲ್ಲಿಸುವುದು, ಕೇಳುವುದು. ಅಂದು ನಿಲ್ಲಿಸಲಿಲ್ಲ. ಮೊದಲ ಸುತ್ತು ಮುಗಿದು ಎರಡನೆಯದಕ್ಕೆ ಹೋಯಿತು. ಆರು ವರ್ಷದಿಂದ ಬೆರಳಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಬಿಡಿಸಿಕೊಂಡು ಬಂತು. ನಾನು ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆ ನುಡಿಸಿರಲಿಲ್ಲ, ಆಮೇಲೂ ನುಡಿಸಿಲ್ಲ. ಇದನ್ನು ನಿನಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಹನ್ನೆರಡು ನಿಮಿಷ. ಕಣ್ಣು ಮುಚ್ಚಿಕೊಂಡಿದ್ದೆ.

ನಿನ್ನ ಕಿರುಚಾಟ ನನಗೆ ಕೇಳಿಸಲಿಲ್ಲ. ಗಾಢ ನಿದ್ದೆಯಲ್ಲಿದ್ದ ಮನುಷ್ಯನಿಗೆ ಕೇಳಿಸಿತು, ಎರಡು ಗೋಡೆ ದಾಟಿ. ಅವರು ಓಡಿಬಂದು, ಕೈಗೆ ನೀರು ಸುರಿದು, ಒದ್ದೆ ಬಟ್ಟೆ ಸುತ್ತಿ, ನಿನ್ನನ್ನು ಎತ್ತಿಕೊಂಡು ಬಂದು ಕಪಾಟಿನ ಬಾಗಿಲು ತೆರೆದರು. ಮೂರನೇ ಸುತ್ತಿನ ನಡುವೆ ಇದ್ದೆ. ಬೆಳಕು ಬಿದ್ದು ಕಣ್ಣು ಬಿಟ್ಟೆ. ಅವರು “ಮುಗೀತಾ?” ಅಂದರು.

ನನ್ನ ಬಾಯಿಂದ ಬಂದದ್ದನ್ನು ಯಾರಿಗೂ ಹೇಳಿಲ್ಲ. ನಾನು ನಿನ್ನನ್ನು ನೋಡಿದ್ದೆ, ನಿನ್ನ ಕೈ ನೋಡಿದ್ದೆ. ಆದರೂ “ಇನ್ನು ಎಂಟು ಬಾರ್ ಇದೆ” ಅಂದೆ.

ಆಸ್ಪತ್ರೆಯಲ್ಲಿ ಅವರು ಹಾಲು ತಾನಿಟ್ಟೆ ಎಂದು ಹೇಳಿದರು. ಮನೆಗೆ ಬಂದ ಮೇಲೆ ನನಗೆ ಹೇಳಿದರು, “ಅವನಿಗೂ ಇದೇ ಗೊತ್ತಿರಲಿ. ಅಪ್ಪನ ಮೇಲೆ ಸಿಟ್ಟು ಬಂದ್ರೆ ಬರ್ಲಿ, ತಾಯಿ ಹತ್ರ ಹೋಗೋಕೆ ಮಗು ಹೆದರಬಾರದು.” ನಾನು ಒಪ್ಪಿದೆ. ನನಗೆ ಅನುಕೂಲವಾಗಿತ್ತು, ಒಪ್ಪಿದೆ. ಆಮೇಲೆ ಒಂದು ವರ್ಷ ಮನೆಯಲ್ಲಿದ್ದೆ. ಅವರು ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಉಳಿಯುತ್ತಿದ್ದೆನೋ ಏನೋ.

ಯಾಕೆ ಹೋದೆ ಎಂದು ಕೇಳಿದೆಯಲ್ಲ. ಇನ್ನೊಮ್ಮೆ ಹಾಗಾದೀತು ಎಂದು ಹೆದರಿ ಹೋದೆ. ಅದು ಅರ್ಧ. ಇನ್ನರ್ಧ ಏನೆಂದರೆ ಆ ಹನ್ನೆರಡು ನಿಮಿಷ ನನಗೆ ಮತ್ತೆ ಬೇಕಾಗಿತ್ತು. ಯಾರೂ ಅಳದ, ಯಾವ ಹಾಲೂ ಕಾಯದ ಕೋಣೆಯಲ್ಲಿ ಕೂತರೆ ಅದು ಸಿಗುತ್ತದೆ ಎಂದುಕೊಂಡೆ. ಸಿಗಲಿಲ್ಲ. ಬ್ಯಾಂಡ್ ಸೇರಿದ ಮೊದಲ ದಿನ ಮೂರನೇ ಸುತ್ತಿಗೆ ಬಂದೆ, ಬೆರಳು ನಿಂತವು. ನಲವತ್ತು ವರ್ಷದಿಂದ ಅಲ್ಲಿಗೆ ಬಂದು ನಿಲ್ಲುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ, ನಿನ್ನಂಥವರು ಪುಸ್ತಿಕೆ ಬರೆಯುತ್ತಾರೆ.

ನಿನಗೆ ಬೇಕಿದ್ದ ವಾಕ್ಯ ಒಂದು. ನಾಲ್ಕು ಪುಟವಾಯಿತು.

ಅಮ್ಮ


ಮೇ ೨೪

ಅಮ್ಮಾ,

ನೀನು ಇದನ್ನು ಅಪ್ಪ ಇದ್ದಾಗ ಹೇಳಬೇಕಾಗಿತ್ತು.

ಅವರು ಹೋಗಿ ಎರಡು ವರ್ಷ. ಎರಡು ವರ್ಷ ತಡಮಾಡಿ ಬರೆದಿದ್ದೀಯ. ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡವಳಿಗೆ ಅವರ ಉಸಿರು ನಿಂತ ಮೇಲೆ ಧೈರ್ಯ ಬಂತಾ? ಕೊನೆಯ ವಾರ ಆಸ್ಪತ್ರೆಯಲ್ಲಿ ಅವರು ಏನು ಮಾಡುತ್ತಿದ್ದರು ಗೊತ್ತಾ? ನನ್ನ ಎಡಗೈ ಎಳೆದುಕೊಂಡು ಸವರುತ್ತಿದ್ದರು. ನಾನು “ಆಯ್ತು ಬಿಡಪ್ಪ, ಕ್ಷಮಿಸಿದ್ದೀನಿ” ಅಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ ಅಂದೆ! ಮಾಡದ ತಪ್ಪಿಗೆ ಆ ಮನುಷ್ಯ ನನ್ನಿಂದ ಕ್ಷಮೆ ಇಸಿದುಕೊಂಡು ಸತ್ತ. ಅದನ್ನು ನಾನು ಈಗ ಯಾರಿಗೆ ವಾಪಸು ಕೊಡಲಿ?

ಹಾಲು ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಹಾಲು ಯಾರ ಮನೆಯಲ್ಲೂ ಉಕ್ಕುತ್ತದೆ, ಯಾರ ಕಣ್ಣೂ ತಪ್ಪುತ್ತದೆ. ಎಂಟು ಬಾರ್ ಇದೆ ಅಂದೆಯಲ್ಲ, ಅದಕ್ಕೂ ಇಲ್ಲ. ಅದನ್ನು ಓದಿ ನಗು ಬಂತು, ಅಳುವಿನಂಥ ನಗು, ಆದರೂ ನಗು. ನೀನು ಹಾಗೆಯೇ ಅನ್ನುವವಳು. ಹದಿನಾರನೇ ವಯಸ್ಸಿನಲ್ಲಿ ನಾನು ಕೂಗಿದೆನಲ್ಲ, ಅವತ್ತು ಅಪ್ಪ ರಾತ್ರಿ ಪಾಳಿಯಿಂದ ನಿನಗೆ ಫೋನು ಮಾಡಿರುತ್ತಾರೆ. ಮಾಡಿದ್ದರಲ್ಲವೇ? ನನ್ನ ಎಲ್ಲ ಸುದ್ದಿಯನ್ನೂ ಅವರು ನಿನಗೆ ಮುಟ್ಟಿಸುತ್ತಿದ್ದರೆಂದು ಅತ್ತೆ ಹೇಳಿದ್ದಾರೆ. ಅದನ್ನು ಕೇಳಿಯೂ ನೀನು ಸುಮ್ಮನಿದ್ದೆ. ಅಲ್ಲಿ ನಿಲ್ಲಿಸಬಾರದಾಗಿತ್ತು. ಅಲ್ಲಿ ಬಾಯಿ ಬಿಡಬೇಕಾಗಿತ್ತು.

ಸುಳ್ಳು ತೆಗೆ ಎಂದೆಯಲ್ಲ, ಪತಿ ಬೆಂಬಲಕ್ಕೆ ನಿಂತರು ಎನ್ನುವುದನ್ನು? ತೆಗೆಯುವುದಿಲ್ಲ. ಅದು ನನಗೆ ಗೊತ್ತಿಲ್ಲದೆಯೇ ನಾನು ಬರೆದ ನಿಜ.

ಪುಸ್ತಿಕೆ ಬೇರೆ ಯಾರಿಂದಲಾದರೂ ಬರೆಸಿಕೊ. ಇನ್ನು ಬರೆಯಬೇಡ, ನನಗೆ ಓದಲು ಆಗುವುದಿಲ್ಲ.

ನಿನ್ನ ಮಗ


ಜೂನ್ ೧

ಮಗನೇ,

ಫೋನು ಮಾಡಿದ್ದರು. “ಹುಡುಗ ದೊಡ್ಡವನಾಗ್ತಿದ್ದಾನೆ, ಗಂಟಲು ಬಂದಿದೆ” ಅಂದರು. ನಗುತ್ತಾ ಅಂದರು. ನಾನು ಹೇಳಿಬಿಡೋಣ ಎಂದೆ. ಬೇಡ ಎಂದರು. ನಾನು ಎರಡನೇ ಸಲ ಕೇಳಲಿಲ್ಲ. ಎರಡನೇ ಸಲ ಕೇಳಿದ್ದರೆ ಒಪ್ಪಿಬಿಟ್ಟಾರು ಎಂದು ಭಯವಿತ್ತು.

ಪುಸ್ತಿಕೆಯನ್ನು ನೀನೇ ಬರೆ. ಎಲ್ಲವನ್ನೂ ಹಾಕು. ಹಾಲು, ಕಪಾಟು, ಎಂಟು ಬಾರ್, ಇದೂ. ಸಹಿ ಮಾಡಿದ ಖಾಲಿ ಒಪ್ಪಿಗೆ ಪತ್ರ ಇದರ ಜೊತೆಗಿದೆ.

ಬರೆಯಬೇಡ ಎಂದೆಯಲ್ಲ. ಇದು ಕೊನೆಯದು.

ಅಮ್ಮ


ಜುಲೈ ೧೨

ತಮ್ಮಾ,

ನಿನ್ನ ತಾಯಿಯ ಹಿಂದೆ ಕೂತು ಮೂವತ್ತೆಂಟು ವರ್ಷದಿಂದ ಡ್ರಮ್ ಬಾರಿಸುತ್ತಿರುವ ಮುದುಕ ನಾನು. ನೀನು ಚಿಕ್ಕವನಿದ್ದಾಗ ಅವಳ ಜೊತೆ ನಿಮ್ಮ ಮನೆಗೆ ಬಂದು ಒಮ್ಮೆ ನಿನಗೆ ಡ್ರಮ್ಮಿನ ಕಡ್ಡಿ ಕೊಟ್ಟಿದ್ದೆ, ನೀನು ಅದರಿಂದ ನನ್ನ ಮೊಣಕಾಲಿಗೇ ಹೊಡೆದಿದ್ದೆ. ಕಾಗದ ಬರೆಯುವ ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊ, ಅದೇ ತಾನೆ ನಿನ್ನ ಕೆಲಸ.

ನಿನ್ನ ತಾಯಿ ಜೂನ್ ತಿಂಗಳಿಂದ ವಾದ್ಯದ ಪೆಟ್ಟಿಗೆ ತೆರೆದಿಲ್ಲ. ಆಗಸ್ಟ್ ಮೂರಕ್ಕೆ, ಭಾನುವಾರ ಸಂಜೆ ನಾಲ್ಕಕ್ಕೆ, ಇನ್ನು ಹೊರಬರಬೇಕಾದ ಆ ರೆಕಾರ್ಡುಗಳ ಪ್ರಚಾರಕ್ಕೆ ನಿನ್ನ ಊರಿನ ಪುರಭವನದಲ್ಲಿ ನುಡಿಸಬೇಕು. ನುಡಿಸುವುದಿಲ್ಲ ಎನ್ನುತ್ತಾಳೆ. ಯಾಕೆಂದು ಕೇಳಿದರೆ ನಿನ್ನ ಕಾಗದಗಳ ಕಟ್ಟನ್ನು ನನ್ನ ಮುಖಕ್ಕೆ ಎಸೆದಳು. ಓದಿದೆ. ಉಳಿದದ್ದನ್ನು ಅವಳ ಬಾಯಿಂದಲೇ ಕೇಳಿದೆ. ಇಬ್ಬರ ಮೇಲೂ ಸಿಟ್ಟು ಬಂತು.

ಮೂವತ್ತೆಂಟು ವರ್ಷ, ತಮ್ಮಾ! ಮೂರನೇ ಸುತ್ತಿನಲ್ಲಿ ಇವಳು ನಿಂತಾಗಲೆಲ್ಲ ನಾನೊಬ್ಬ ಡ್ರಮ್ಮಿನ ಮೇಲೆ ತಂತಿಯ ಬ್ರಶ್ ಆಡಿಸುತ್ತಾ ಕಾಯುತ್ತೇನೆ. ಬಸ್ಸು ಬರದ ನಿಲ್ದಾಣದಲ್ಲಿ ನಿಂತವನ ಹಾಗೆ. ಪತ್ರಿಕೆಯವರು ಅದನ್ನು ಮೌನ ಎಂದರು, ಕಲೆ ಎಂದರು. ಇವಳು ಬೇಕೆಂದೇ ಮಾಡುತ್ತಾಳೆ ಎಂದು ನಾನೂ ತಿಳಿದಿದ್ದೆ. ಮುಂದಿನ ಪೀಳಿಗೆಯ ಹುಡುಗಿಯರು ಅದನ್ನು ಕಲಿತು ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ, ನೋಡಿದರೆ ನಗು ಬರುತ್ತದೆ. ಅವರ ಮನೆಯಲ್ಲಿ ಯಾವ ಹಾಲೂ ಚೆಲ್ಲಿಲ್ಲ.

ಇನ್ನೊಂದು ವಿಷಯ ರೆಕಾರ್ಡಿನಲ್ಲಿ ಕಾಣುವುದಿಲ್ಲ. ಸ್ಯಾಕ್ಸೋಫೋನ್ ನುಡಿಸುವವರೆಲ್ಲ ಕಣ್ಣು ಮುಚ್ಚುತ್ತಾರೆ. ಇವಳು ಮುಚ್ಚುವುದಿಲ್ಲ. ಜನರನ್ನೂ ನೋಡುವುದಿಲ್ಲ. ಎಲ್ಲಿ ನುಡಿಸಿದರೂ ಮೊದಲು ಹೋಗಿ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡು ಬಂದು, ಅದರ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ಬೆಂಕಿಯ ಭಯವೇನೋ ಎಂದುಕೊಂಡಿದ್ದೆ.

ನೀನು ಕ್ಷಮಿಸು ಎಂದು ಹೇಳಲು ನಾನು ಯಾರು? ಕ್ಷಮಿಸಬೇಡ. ಆದರೆ ಜಗಳ ಆಡುವುದಿದ್ದರೆ ಎದುರಿಗೆ ಬಂದು ಆಡು. ಇವಳನ್ನು ಆ ವೇದಿಕೆಯವರೆಗೆ ಎಳೆದು ತರುವ ಜವಾಬ್ದಾರಿ ನನ್ನದು. ಎಪ್ಪತ್ತಾರು ವರ್ಷವಾದರೂ ತೋಳಲ್ಲಿ ಬಲವಿದೆ.

ಮೊಣಕಾಲು ನೋವಿನ,
ಡ್ರಮ್ಮಿನ ಮುದುಕ


ಆಗಸ್ಟ್ ೪

ಮಗನೇ,

ಕೊನೆಯ ಕಾಗದ ಎಂದಿದ್ದೆ. ನಿನ್ನೆ ನೀನು ಮಾಡಿದ ಕೆಲಸಕ್ಕೆ ಬರೆಯದಿದ್ದರೆ ನನಗೆ ತಡೆಯದು.

ನಾನು ಮೂರನೇ ಸುತ್ತಿನಲ್ಲಿ ನಿಲ್ಲಿಸಿದಾಗ, ಏಳುನೂರು ಜನ ಕೂತ ಸಭೆಯಲ್ಲಿ ಎದ್ದು ನಿಂತು “ಯಾರೂ ಅಳ್ತಾ ಇಲ್ಲ! ನುಡಿಸಮ್ಮಾ!” ಎಂದು ಕೂಗುವುದೇ? ಏನು ಗಂಟಲು ಅದು! ಸಂತೆಯಲ್ಲಿ ಕೂಗುವವರಿಗೂ ಅಷ್ಟು ಗಂಟಲಿಲ್ಲ. ಪಿಯಾನೋದವನು ಪೆಡಲಿನಿಂದ ಕಾಲು ತೆಗೆದ. ಮುದುಕ ಬ್ರಶ್ ಕೆಳಗೆ ಬೀಳಿಸಿದ, ಅವನ ಜೀವಮಾನದಲ್ಲಿ ಮೊದಲ ಸಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸು ಎದೆ ಹಿಡಿದುಕೊಂಡಳು.

ನಾನು ಬಾಗಿಲ ಕಡೆ ನೋಡುತ್ತಿದ್ದೆ. ನೀನು ಕೂಗಿದ್ದು ಎಡಗಡೆಯಿಂದ. ಅಷ್ಟು ವರ್ಷ ಬಾಗಿಲು ನೋಡಿದ್ದೇ ದಂಡ.

ಸಿಟ್ಟು ಬಂತು. ನಿನ್ನ ಮೇಲೆ ಬಂದ ಸಿಟ್ಟಿಗೇ ವಾದ್ಯ ಬಾಯಿಗೆ ಹೋಯಿತು. ಬಿಟ್ಟ ಸಾಲನ್ನೇ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ನೋಡಿದರೆ ಮುಂದಿನದು ಗೊತ್ತಿಲ್ಲ! ನಲವತ್ತು ವರ್ಷದಿಂದ ಆ ಜಾಗ ದಾಟಿದವಳಲ್ಲ ನಾನು. ಎಲ್ಲೆಲ್ಲೋ ಕೈಹಾಕಿದೆ. ಮೇಲಿನ ಸ್ವರಕ್ಕೆ ಹೋದೆ, ಅದು ಗಂಟಲು ಕಟ್ಟಿದ ಕಾಗೆಯಂತೆ ಒಡೆಯಿತು. ತಾಳ ಬಿಟ್ಟೆ, ಮುದುಕ ಓಡಿಬಂದು ಹಿಡಿದ. ಆ ಎಂಟು ಬಾರ್‌ನಷ್ಟು ಕೆಟ್ಟದಾಗಿ ಕಪಾಟಿನಲ್ಲಿ ಕಲಿಯುವಾಗಲೂ ನುಡಿಸಿರಲಿಲ್ಲ. ಈ ದಿನದ ಪತ್ರಿಕೆಯೊಂದರಲ್ಲಿ “ಎಪ್ಪತ್ತೆರಡರಲ್ಲಿ ದಿಟ್ಟ ಹೊಸ ದಿಕ್ಕು” ಎಂದು ಬಂದಿದೆ. ಬರೆದವನ ಕಿವಿಗೆ ಬೆಂಕಿ ಹಾಕ.

ಮುಗಿಸಿ ನೋಡಿದರೆ ನಿನ್ನ ಕುರ್ಚಿ ಖಾಲಿ. ಕೂಗಿ ಓಡಿಹೋಗುವುದು ಯಾವ ಸೀಮೆಯ ಮರ್ಯಾದೆ? ವ್ಯವಸ್ಥಾಪಕರು ಬಂದು ಆ ಗಲಾಟೆ ಮಾಡಿದವನು ಯಾರು, ಪೊಲೀಸರಿಗೆ ಹೇಳಲೇ ಎಂದರು. “ಹೇಳಿ, ಅವನು ನನ್ನ ಮಗ” ಎಂದೆ.

ತಪ್ಪಾಯಿತು ಎಂದು ಕೇಳಬೇಕಾದ ಇಬ್ಬರಲ್ಲಿ ಒಬ್ಬರಿಗೆ ಇನ್ನು ಕೇಳಿಸುವುದಿಲ್ಲ. ನಿನಗೆ ಕಾಗದದಲ್ಲಿ ಬರೆದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಮನೆಗೆ ಬಾ, ಎದುರಿಗೆ ಹೇಳುತ್ತೇನೆ. 

ಆದರೆ ನುಡಿಸು ಎಂದು ಮಾತ್ರ ಕೇಳಬೇಡ. ಆ ಮನೆ ಬಿಟ್ಟ ಮೇಲೆ ನಾನು ಯಾವ ಮನೆಯೊಳಗೂ ಒಂದು ಸ್ವರ ಊದಿಲ್ಲ. ಅಭ್ಯಾಸಕ್ಕೆ ಬಾಡಿಗೆ ಕೋಣೆ ಹಿಡಿದಿದ್ದೇನೆ, ಟ್ರಾಮ್ ಹತ್ತಿ ಹೋಗಿ ಬರುತ್ತೇನೆ. ಮನೆಯಲ್ಲಿ ಕೈ ಬರುವುದಿಲ್ಲ.

ಅಮ್ಮ


ಆಗಸ್ಟ್ ೯

ಅಮ್ಮಾ,

ಓಡಿಹೋಗಲಿಲ್ಲ. ಕಾವಲಿನವನು ಕುತ್ತಿಗೆಪಟ್ಟಿ ಹಿಡಿದು ಹೊರಗೆ ದಬ್ಬಿದ. ಉಳಿದದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ಕೆಟ್ಟದಾಗಿತ್ತು, ನಿಜ. ಕಾಗೆ ಎಂದು ಬರೆದಿದ್ದೀಯ, ಕಾಗೆಗೆ ಅವಮಾನ. ಆದರೆ ನನ್ನ ನಲವತ್ತೇಳು ವರ್ಷಗಳಲ್ಲಿ ನಿನ್ನ ಒಂದು ಸಾಲು ಕೊನೆ ಮುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿಲ್ಲಿಸಿದಾಗ ನಿನ್ನ ಮುಖ ಹೇಗಿರುತ್ತದೆ ಎಂದು ನೀನು ಕೇಳಿದ್ದೆಯಲ್ಲ. ನೋಡಿದೆ. ಅದನ್ನು ಪುಸ್ತಿಕೆಯಲ್ಲಿ ಬರೆಯಲು ನನ್ನಿಂದಾಗುವುದಿಲ್ಲ. ಅದಕ್ಕೇ ಕೂಗಿದೆ.

ಪುಸ್ತಿಕೆ ಮುಗಿಸಿ ಕಂಪನಿಗೆ ಕೊಟ್ಟೆ. ಕಡಿಯುವ ಕೈ ಎನ್ನುವುದನ್ನು ತೆಗೆದಿದ್ದೇನೆ. ಹಾಲಿನ ವಿಷಯ ಹಾಕಿಲ್ಲ. ನಿನ್ನನ್ನು ಉಳಿಸಲು ಅಲ್ಲ. ಅಪ್ಪ ಯಾರಿಗೂ ಹೇಳಬಾರದೆಂದು ಅಷ್ಟು ವರ್ಷ ಹೊತ್ತದ್ದನ್ನು ರೆಕಾರ್ಡಿನ ಜೊತೆ ಮಾರಲು ನನಗೆ ಮನಸ್ಸಾಗಲಿಲ್ಲ.

ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೆ ಎಂದು ಕಾಯಬೇಡ. ಬೆಳಿಗ್ಗೆ ಅಂಗಿಯ ತೋಳು ಹಾಕುವಾಗಲೆಲ್ಲ ಅಪ್ಪ ಮುಖ ತಿರುಗಿಸಿದ್ದು ನೆನಪಾಗುತ್ತದೆ, ನಿನ್ನನ್ನು ಬೈಯುತ್ತೇನೆ, ಗಟ್ಟಿಯಾಗಿ ಬೈಯುತ್ತೇನೆ. ನನ್ನ ಹೆಂಡತಿ ಆಗಲೇ ತೋಳೇ ಇಲ್ಲದ ಅಂಗಿ ಹೊಲಿಸೋಣವೇ ಎಂದು ಕೇಳುತ್ತಿದ್ದಾಳೆ.

ಮುಂದಿನ ಶನಿವಾರ ಹನ್ನೊಂದಕ್ಕೆ ನಿನ್ನ ಮನೆಗೆ ಬರುತ್ತೇನೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯಬೇಡ, ಈಗ ಕೇಳಿದರೆ ನಾನೇನು ಅಂದುಬಿಡುತ್ತೇನೋ ನನಗೇ ಗೊತ್ತಿಲ್ಲ. ನುಡಿಸು. ಮನೆಯಲ್ಲಿ ಕೈ ಬರುವುದಿಲ್ಲ ಎಂಬ ನೆಪ ನನ್ನ ಮುಂದೆ ಬೇಡ. ಮೊದಲನೇ ಸುತ್ತು, ಎರಡನೆಯದು, ಮೂರನೆಯದು, ಎಷ್ಟು ಕೆಟ್ಟದಾಗಿ ಬಂದರೂ ಕೊನೆಯವರೆಗೆ. ಇದೊಂದನ್ನು ನೀನು ನನಗೆ ಕೊಡಬೇಕು. ಪಕ್ಕದ ಕೋಣೆಯಲ್ಲಿ ಅಲ್ಲ, ಎದುರಿಗೆ ಕೂತು ಕೇಳುತ್ತೇನೆ.

ಬಹುಶಃ ಅಳುತ್ತೇನೆ. ನಿಲ್ಲಿಸಬೇಡ.

ನಿನ್ನ ಮಗ